ಹನ್ನೆರಡನೇ ಪುಟ

ವಾರಿಜಾ ಸ್ವರದ ಹಾಳೆಯ ಅಂಚಿಗೆ ಬಟ್ಟೆಯ ಪಟ್ಟಿ ಸುತ್ತುತ್ತಿದ್ದಳು. ಮೈದಾ ಕುದಿಸಿ ಮಾಡಿದ ಅಂಟು, ಹಳೆಯ ಪಂಚೆ ಹರಿದು ಮಾಡಿದ ಎರಡು ಬೆರಳಗಲದ ಪಟ್ಟಿ. ಹಾಳೆಯನ್ನು ಮೊದಲು ತೆಳು ರಟ್ಟಿಗೆ ಅಂಟಿಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಉಜ್ಜಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಓಡಿಸಬೇಕು. ಆಮೇಲೆ ಅಂಚಿಗೆ ಬಟ್ಟೆ. ಒಣಗಿದ ಮೇಲೆ ಕಿವಿಯ ಹತ್ತಿರ ಹಿಡಿದು ಮಗುಚಿ ನೋಡಬೇಕು. ಸರಕ್ ಎಂದರೆ ಕಿತ್ತು ಮತ್ತೆ ಮೊದಲಿಂದ.

ಅವಳು ಕೂತದ್ದು ಗಾಜಿನ ಈಚೆಗಿನ ಕೋಣೆಯಲ್ಲಿ, ನೆಲದ ಮೇಲೆ. ಗಾಜಿನ ಆಚೆ ಮೂವರು ನುಡಿಸುತ್ತಿದ್ದರು. ಪಿಟೀಲಿನ ಕಮಾನು ಹೋಗಿ ಬರುವುದು ಕಾಣುತ್ತಿತ್ತು, ಕ್ಲಾರಿನೆಟ್ಟಿನವರ ಕೆನ್ನೆ ಉಬ್ಬುವುದು ಕಾಣುತ್ತಿತ್ತು, ಈಚೆಗೆ ಒಂದು ಎಳೆಯೂ ಕೇಳುತ್ತಿರಲಿಲ್ಲ. ಪರದೆಯ ಮೇಲೆ ಮೂರು ಬಣ್ಣದ ಗೆರೆಗಳು ಹರಿಯುತ್ತಿದ್ದವು. ಅವುಗಳ ಕೆಳಗೆ ಹಸಿರು ಗೆರೆಯೊಂದು ಗುಡ್ಡದ ಸಾಲಿನ ಹಾಗೆ ಏರಿ ಇಳಿದು, ಏರಿ ಇಳಿದು ಹೋಗುತ್ತಿತ್ತು.

ಹಸಿರು ಗೆರೆ ಅವಳ ಅಮ್ಮ ಗುಲಾಬಿಯ ಉಸಿರು.

ಎರಡು ಮಳೆಗಾಲದ ಹಿಂದೆ ಮಂಗಳೂರಿನ ಸುತ್ತ ಹಬ್ಬಿದ ಆ ಜ್ವರಕ್ಕೆ ಡಾಕ್ಟರರು ಉದ್ದದ ಹೆಸರಿಟ್ಟಿದ್ದರು. ಜನ ಮರೆವಿನ ಜ್ವರ ಎಂದರು. ಮೂರನೇ ದಿನ ಮೈ ತಣ್ಣಗಾಗುತ್ತಿತ್ತು, ನಾಲ್ಕನೇ ದಿನ ರೋಗಿ ಉಸಿರಾಡುವುದನ್ನು ಮರೆಯುತ್ತಿದ್ದ. ಮಿದುಳಿನ ಬುಡದಲ್ಲಿ ಉಸಿರಿಗೂ ಎದೆಬಡಿತಕ್ಕೂ ಅಪ್ಪಣೆ ಕೊಡುವ ಹುಣಿಸೆಬೀಜದಷ್ಟು ಜಾಗವೊಂದಿದೆಯಂತೆ. ಜ್ವರ ಹೋಗಿ ಕೂರುವುದು ಅಲ್ಲೇ. ಯಂತ್ರದಿಂದ ಗಾಳಿ ತುಂಬಿದರೆ ಎದೆಯೇನೋ ಏರಿಳಿಯುತ್ತಿತ್ತು, ಆದರೆ ಹೃದಯ ಆ ಪರಕೀಯ ಲಯಕ್ಕೆ ಒಗ್ಗದೆ ಎಡವುತ್ತಿತ್ತು. ಯಂತ್ರಕ್ಕೆ ಹಾಕಿದವರಲ್ಲಿ ಒಂಬತ್ತು ದಿನ ದಾಟಿದವರಿಲ್ಲ.

ಆಗ ಬ್ಯಾಂಡಿನವನೊಬ್ಬ ಸಾಯಲಿಕ್ಕೆ ಬಿದ್ದಿದ್ದ. ಅವನ ಜೊತೆಗಾರರು ಕೊನೆಯ ಸಲ ಅಂತ ಮಂಚದ ಪಕ್ಕ ಕೂತು ಮೂರು ವಾದ್ಯ ನುಡಿಸಿದರು. ಹೋದ ಉಸಿರು ತಾನಾಗಿ ಹಿಂದೆ ಬಂತು. ಅವರು ನಿಲ್ಲಿಸಿದಾಗ ಹೋಯಿತು. ಅದನ್ನು ಬಾಗಿಲಲ್ಲಿ ನಿಂತು ನೋಡಿದವರು ಡಾಕ್ಟರ್ ಅಹಲ್ಯಾ ಬಲ್ಲಾಳ್. ಗುಡ್ಡದ ಮೇಲಿನ ಈ ಕೇಂದ್ರ, ಈ ಗಾಜು, ಈ ಗೆರೆಗಳು ಎಲ್ಲ ಶುರುವಾದದ್ದು ಅಲ್ಲಿಂದ.

ಧ್ವನಿ ಮುದ್ರಿಸಿಟ್ಟ ಸಂಗೀತವನ್ನು ಹಾಕಿ ನೋಡಿದರು. ಮುದ್ರಣ ಯಾರಿಗೂ ಕಾಯುವುದಿಲ್ಲ, ಉಸಿರು ಅರ್ಧ ಗಂಟೆಯಲ್ಲಿ ಅದರ ಕೈಬಿಟ್ಟಿತು. ಕಂಪ್ಯೂಟರಿಗೆ ಉಸಿರನ್ನು ಹಿಂಬಾಲಿಸಲು ಕಲಿಸಿದರು. ಅದು ಉಸಿರಿಗೆ ಕಾಯಿತು, ಉಸಿರು ಅದಕ್ಕೆ ಕಾಯಿತು. ಬಾಗಿಲಲ್ಲಿ ‘ನೀವು ಮೊದಲು’ ಎನ್ನುತ್ತ ನಿಂತ ಇಬ್ಬರು ಮರ್ಯಾದಸ್ಥರ ಹಾಗೆ ಎರಡೂ ನಿಧಾನವಾಗುತ್ತ ನಿಂತೇ ಹೋದವು. ಮನುಷ್ಯರೇ ಬೇಕು, ಮೂವರಾದರೂ ಬೇಕು. ಒಬ್ಬರು ಕಾಯುವಾಗ ಇನ್ನೊಬ್ಬರು ಎಳೆಯಬೇಕು, ಮೂರನೆಯವರು ನಡುವೆ ಹಿಡಿದು ನಿಲ್ಲಬೇಕು. ಮತ್ತೆ, ಒಬ್ಬ ರೋಗಿಯ ಸಂಗೀತ ಇನ್ನೊಬ್ಬರಿಗೆ ಆಗುವುದಿಲ್ಲ.

ಬರೆದುಕೊಡಲು ಅನ್ಸೆಲ್ಮ್ ತಾವ್ರೊ ಮಾಸ್ಟ್ರು ಇದ್ದರು. ಮೂವತ್ತು ವರ್ಷದಿಂದ ಅವರು ಬರೆದದ್ದೆಲ್ಲ ದೊಡ್ಡ ಸಭಾಂಗಣಕ್ಕಲ್ಲ, ಒಂದು ಕೋಣೆಗೆ. ಮೂರೋ ನಾಲ್ಕೋ ವಾದ್ಯ. ಹಾಡುವವರಿಲ್ಲ, ಅಬ್ಬರವಿಲ್ಲ. ಒಂದು ವಾದ್ಯ ಹೇಳಿದ್ದನ್ನು ಇನ್ನೊಂದು ಕೇಳಿಸಿಕೊಂಡು ತಿರುಗಿ ಹೇಳುವ ಸಂಗೀತ. ಕೇಳಲು ಇಪ್ಪತ್ತು ಜನ ಬಂದರೆ ಅಂದು ಅವರ ಮನೆಯಲ್ಲಿ ಹಬ್ಬ.

ಗುಲಾಬಿಗೆ ಬರೆಯುವ ಮೊದಲು, ಅವಳಿನ್ನೂ ಯಂತ್ರದ ಮೇಲಿದ್ದಾಗ, ಮಾಸ್ಟ್ರು ವಾರಿಜಾಳ ಮನೆಗೇ ಬಂದಿದ್ದರು. “ನಿನ್ನಮ್ಮ ದಿನವಿಡೀ ಯಾವ ಸದ್ದಿನೊಳಗೆ ಕೂತಿರ್ತಿದ್ರು?” ಎಂದು ಕೇಳಿದರು. ವಾರಿಜಾ ಅಮ್ಮನ ಗೆರಸೆ ತಂದು, ಬೀಡಿ ಎಲೆ ಕತ್ತರಿಸಿ, ಹೊಗೆಸೊಪ್ಪು ಉದುರಿಸಿ, ಸುರುಳಿ ಸುತ್ತಿ, ಉಗುರಿನಿಂದ ಬಾಯಿ ಮಡಚಿ ತೋರಿಸಿದಳು. ಕಚಕ್, ಸರ, ಟಕ್. ಮಾಸ್ಟ್ರು ಕಣ್ಣು ಮುಚ್ಚಿ ಒಂದು ಗಂಟೆ ಕೇಳಿದರು. ಆ ಕಚಕ್ ಈಗ ಏಳನೇ ಪುಟದಲ್ಲಿದೆ. ಅಲ್ಲಿ ಪಿಟೀಲಿನವರು ಕಮಾನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. ಆ ಜಾಗ ಬಂದಾಗ ಕೆಲವೊಮ್ಮೆ ಗುಲಾಬಿಯ ಬಲಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಬೀಡಿ ಸುತ್ತುವ ಹಾಗೆ. ಎಂಟು ತಿಂಗಳಿಂದ ಅವಳ ಮೈಯಲ್ಲಿ ಉಸಿರು ಬಿಟ್ಟರೆ ಅಲ್ಲಾಡಿದ್ದು ಅಷ್ಟೇ. ಅದನ್ನು ಮೊದಲು ಕಂಡವಳು ವಾರಿಜಾ. ಯಾರಿಗಾದರೂ ಹೇಳಲು ಅವಳಿಗೆ ಹನ್ನೆರಡು ದಿನ ಬೇಕಾಯಿತು.

ಹನ್ನೊಂದು ಪುಟ, ನಲವತ್ತು ನಿಮಿಷ. ಹನ್ನೊಂದನೆಯದರ ಬಾಲ ಮೊದಲನೆಯದರ ತಲೆಗೆ ಸೇರುತ್ತಿತ್ತು, ಮುಗಿಯುತ್ತಿರಲಿಲ್ಲ. ಮೂವರಂತೆ ನಾಲ್ಕು ತಂಡ, ಆರಾರು ಗಂಟೆ. ಹೊಸಬರು ಬಂದಾಗ ಹಳಬರು ಒಬ್ಬೊಬ್ಬರಾಗಿ ಏಳುತ್ತಿದ್ದರು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ವಾರಿಜಾ ಬೆಳಗಿನ ತಂಡದ ಪುಟ ಮಗುಚುವ ಕೆಲಸಕ್ಕೆ ನಿಂತಳು. ನುಡಿಸುವವರ ಕೈ ಖಾಲಿ ಇರುವುದಿಲ್ಲ, ಹಾಳೆ ಸದ್ದು ಮಾಡಲೂಬಾರದು. ಗುಲಾಬಿಯ ಕಿವಿಗಳ ಹಿಂದೆ ಅಂಟಿಸಿದ ಬೆಳ್ಳಿ ಬಿಲ್ಲೆಗಳು ಕೋಣೆಯಲ್ಲಿ ಕೇಳಿದ್ದನ್ನೆಲ್ಲ ನೇರ ಆ ಹುಣಿಸೆಬೀಜದ ಜಾಗಕ್ಕೆ ಮುಟ್ಟಿಸುತ್ತಿದ್ದವು. ಸಂಗೀತ ಯಾವುದು ಗದ್ದಲ ಯಾವುದು ಎಂದು ಆರಿಸುವ ವಿದ್ಯೆ ಅವಕ್ಕಿರಲಿಲ್ಲ. ಒಮ್ಮೆ ನರ್ಸಿನ ಕೈಯಿಂದ ಸ್ಟೀಲ್ ತಟ್ಟೆ ಜಾರಿ ಬಿದ್ದು, ಹಸಿರು ಗೆರೆ ಒಂಬತ್ತು ಸೆಕೆಂಡು ಚಪ್ಪಟೆಯಾಗಿ ಮಲಗಿತ್ತು. ಮೂವರೂ ನುಡಿಸುವುದನ್ನು ಬಿಡದೆ ಅದನ್ನು ಎಳೆದು ತಂದಿದ್ದರು.

*

ಬೆಳಗಿನ ತಂಡ ನುಡಿಸಿ ಹೊರಬಂದರೆ ವರಾಂಡದ ಕೊನೆಯಲ್ಲಿ ಚಹಾ. ಪಿಟೀಲಿನ ಗ್ಲೆನಿಸ್, ಎಲ್ಲರೂ ಗೌರವದಿಂದ ಬಾಯಿ ಎನ್ನುವವರು, ಬೆರಳ ತುದಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ದೊಡ್ಡ ಪಿಟೀಲಿನಂಥ ಚೆಲ್ಲೊ ನುಡಿಸುವ ಡಾಲ್ಫಿ ಬೆನ್ನು ನೆಟ್ಟಗೆ ಮಾಡಲು ಗೋಡೆಗೆ ಒರಗಿ ನಿಲ್ಲುತ್ತಿದ್ದ. ಕ್ಲಾರಿನೆಟ್ಟಿನ ಮಾಧವ ಶೇರಿಗಾರರ ಬಾಯಿಗೆ ಮಾತ್ರ ಬಿಡುವು ಬೇಕಿರಲಿಲ್ಲ.

“ಲೋಕದಲ್ಲಿ ಇಂಥಾ ಕಛೇರಿ ಬೇರೆಲ್ಲಿ ಉಂಟು ಹೇಳಿ,” ಎಂದರು ಅಂದು. “ಕೇಳುವವರು ಒಬ್ರೇ. ಅವರೂ ಎದ್ದು ಹೋಗುವ ಹಾಗಿಲ್ಲ.”

“ಶೇರಿಗಾರ್ರೇ, ಹುಡುಗಿ ಕೂತಿದ್ದಾಳೆ ಇಲ್ಲಿ!” ಗ್ಲೆನಿಸ್ ಬಾಯಿ ಗದರಿದರು.

“ಕೂತ್ಕೊಳ್ಳಲಿ. ಅವಳಮ್ಮ ಇಷ್ಟೊತ್ತಿಗೆ ನನ್ನ ತಪ್ಪೆಲ್ಲ ಬಾಯಿಪಾಠ ಮಾಡಿರ್ತಾಳೆ. ಎದ್ದ ದಿನ ಮೊದಲು ಬೈಯುದು ನನಗೇ. ಅಲ್ವಾ ವಾರಿಜಾ?”

ವಾರಿಜಾ ಗ್ಲಾಸಿನೊಳಗೆ ನಕ್ಕಳು.

“ನನಗೆ ಒಂದೇ ಬೇಜಾರು ಮಾರಾಯ್ರೆ,” ಎಂದ ಡಾಲ್ಫಿ. “ಮುಗಿಸ್ಲಿಕ್ಕೆ ಇಲ್ಲ. ಎಂಟು ತಿಂಗಳಾಯ್ತು, ಒಂದು ಸಲ ಸರಿ ಮುಗಿಸಿ ಕಮಾನು ಕೆಳಗಿಡ್ಲಿಲ್ಲ ನಾನು. ಊಟ ಮಾಡಿ ಕೈ ತೊಳೀದೆ ಕೂತ ಹಾಗೆ ಆಗ್ತದೆ.”

“ಮುಗಿಸಿದ್ರೆ ಎಂತ ಮಾಡ್ತೀರಿ, ಹೊರಗೆ?” ವಾರಿಜಾ ಕೇಳಿದಳು. ಅವಳು ತಾನಾಗಿ ಮಾತಾಡುವುದೇ ಅಪರೂಪ, ಮೂವರೂ ತಿರುಗಿ ನೋಡಿದರು.

“ಎಂತ ಮಾಡುದು? ಜನ ಚಪ್ಪಾಳೆ ಹೊಡೀತಾರೆ, ನಾವು ಎದ್ದು ಬಗ್ಗುದು.”

“ನಮಗೆ ಸಣ್ಣದಿರುವಾಗಲೇ ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದು,” ಎಂದರು ಗ್ಲೆನಿಸ್ ಬಾಯಿ. “ಚಪ್ಪಾಳೆ ಕೇಳಿದ ಕೂಡ್ಲೆ ಏಳದಿದ್ರೆ ಕಾಲಿಗೆ ಸ್ಕೇಲಿನಲ್ಲಿ ಬೀಳ್ತಿತ್ತು. ಈಗ ನಿದ್ದೆಯಲ್ಲಿ ಕೇಳಿದ್ರೂ ಎದ್ದು ನಿಲ್ತೇನೆ ನಾನು.”

“ಬಗ್ಗಿ ಮತ್ತೆ ಮಲಗ್ತೀರಾ?” ಎಂದರು ಶೇರಿಗಾರರು. ಎಲ್ಲರೂ ನಕ್ಕರು.

*

ಹನ್ನೆರಡನೇ ಪುಟದ ಮಾತು ಬಂದದ್ದು ಆ ವಾರವೇ.

ಡಾಕ್ಟರ್ ಬಲ್ಲಾಳ್ ವಾರಿಜಾಳನ್ನು ಗಾಜಿನ ಕೋಣೆಗೆ ಕರೆದು ಕುರ್ಚಿ ಕೊಟ್ಟರು. ಅವರ ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. “ವಾರಿಜಾ, ಗುರುವಾರ ದುಡ್ಡು ಕೊಡುವ ಕಮಿಟಿಯವರು ಬರ್ತಾರೆ. ನಮ್ಮಲ್ಲಿ ನಾಲ್ಕು ಕೋಣೆ. ವಾರಕ್ಕೆ ಮೂವತ್ತು ಜನ ಬರ್ತಿದ್ದಾರೆ. ಉಳಿದವರು ಎಲ್ಲಿಗೆ ಹೋಗ್ತಾರೆ ಅಂತ ನಿನಗೆ ಗೊತ್ತುಂಟಲ್ಲ. ಅವರು ಒಪ್ಪಿದ್ರೆ ಇಪ್ಪತ್ತು ಕೋಣೆ ಸಿಗ್ತದೆ.”

ವಾರಿಜಾ ತಲೆಯಾಡಿಸಿದಳು. ಗೇಟಿನ ಹೊರಗೆ ಆಂಬುಲೆನ್ಸುಗಳು ತಿರುಗಿ ಹೋಗುವುದನ್ನು ಅವಳು ದಿನಾ ನೋಡುತ್ತಿದ್ದಳು.

“ಆದ್ರೆ ಅವರು ನಂಬುದಿಲ್ಲ. ಉಸಿರು ತಾನಾಗಿ ಬರ್ತಿರ್ಬಹುದು, ಸಂಗೀತ ಬರೀ ಅಲಂಕಾರ ಅಂತ ಅವರ ಲೆಕ್ಕ. ಅದಕ್ಕೆ ಒಂದು ಸಲ ನಿಲ್ಲಿಸಿ ತೋರಿಸ್ಬೇಕು. ಎಂಟೇ ಸೆಕೆಂಡು. ಗೆರೆ ನಿಲ್ತದೆ, ನುಡಿಸಿದ ಕೂಡ್ಲೆ ಏಳ್ತದೆ. ಕಣ್ಣಾರೆ ನೋಡಿದ ಮೇಲೆ ಎಂತ ಹೇಳ್ತಾರೆ? ತಟ್ಟೆ ಬಿದ್ದ ದಿನ ಒಂಬತ್ತು ಸೆಕೆಂಡು ತಡೆದಿದ್ದಾಳೆ ನಿನ್ನಮ್ಮ.”

ಕಿಟಕಿಯ ಹತ್ತಿರ ನಿಂತಿದ್ದ ತಾವ್ರೊ ಮಾಸ್ಟ್ರು ಹಾಳೆಯೊಂದನ್ನು ಮೇಜಿನ ಮೇಲಿಟ್ಟರು. ಶಾಯಿ ಇನ್ನೂ ಹೊಸದು. “ಸುಮ್ಮನೆ ನಿಲ್ಲಿಸಿದ್ರೆ ಉಸಿರಿಗೆ ಗಾಬರಿ ಆಗ್ತದೆ ಮಗಾ. ಮೆಲ್ಲ ಇಳಿಸ್ಬೇಕು. ಹನ್ನೊಂದರ ಮೇಲೆ ಇದೊಂದು ಪುಟ. ಮೂರೂ ವಾದ್ಯ ಒಂದೇ ಸ್ವರಕ್ಕೆ ಬಂದು ಕೂತ್ಕೊಳ್ತವೆ. ಮತ್ತೆ ಎಂಟು ಎಣಿಕೆ ಮೌನ. ಮತ್ತೆ ಗ್ಲೆನಿಸ್ ಒಬ್ಬಳೇ ಮೊದಲ ಪುಟ ಶುರು ಮಾಡುದು, ಬಹಳ ಮೆಲ್ಲಗೆ.”

ಅದನ್ನು ಹೇಳುವಾಗ ಮಾಸ್ಟ್ರ ಮುಖ ನೋಡಿದಳು ವಾರಿಜಾ. ಎಂಟು ತಿಂಗಳಲ್ಲಿ ಅಷ್ಟು ಹೊಳಪನ್ನು ಅವಳು ಅಲ್ಲಿ ಕಂಡಿರಲಿಲ್ಲ. ಡಾಕ್ಟರಿಗೆ ಬೇಕಾದದ್ದು ಎಂಟು ಸೆಕೆಂಡು, ಮಾಸ್ಟ್ರಿಗೆ ಬೇಕಾದದ್ದು ಒಂದು ಮುಕ್ತಾಯ. ಎರಡೂ ಒಂದೇ ಹಾಳೆಯಲ್ಲಿ ಕೂತಿದ್ದವು.

ಸಹಿಯ ಕಾಗದ ಇಂಗ್ಲಿಷಿನಲ್ಲಿತ್ತು. ಡಾಕ್ಟರ್ ಅದನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಅವಸರ ಮಾಡಲಿಲ್ಲ, ಏನನ್ನೂ ಮುಚ್ಚಿಡಲಿಲ್ಲ. ವಾರಿಜಾಳ ಬಾಯಲ್ಲಿ ಒಂದು ಪ್ರಶ್ನೆ ಬಂದು ನಿಂತಿತ್ತು. ಮುಗಿಯಿತು ಅಂತ ತಿಳಿದು ಅವರು ಚಪ್ಪಾಳೆ ಹೊಡೆದರೆ? ಕೇಳಬೇಕು ಎನ್ನುವಷ್ಟರಲ್ಲಿ ಅದು ಅವಳಿಗೇ ಸಣ್ಣದಾಗಿ ಕಂಡಿತು. ಇಷ್ಟು ಓದಿದವರು ಇಷ್ಟನ್ನು ಯೋಚಿಸಿರುವುದಿಲ್ಲವೇ? ಮದುವೆ ಮನೆಯ ಜನ ಹೊಡೆಯುತ್ತಾರೆ, ಕಮಿಟಿಯವರು ಹೊಡೆಯುತ್ತಾರೆಯೇ?

ಅವಳು ಸಹಿ ಹಾಕಿದಳು. ವಾರಿಜಾ ಎಂದು ಕನ್ನಡದಲ್ಲಿ, ಶಾಲೆಯ ದುಂಡು ಅಕ್ಷರದಲ್ಲಿ.

*

ಬುಧವಾರ ಸಂಜೆ ಮನೆಯಲ್ಲಿ ಚಂದ್ರಾವತಿ ಚಿಕ್ಕಮ್ಮ ಬಾಗಿಲ ಬೆಳಕಿಗೆ ಕೂತು ಬೀಡಿ ಸುತ್ತುತ್ತಿದ್ದಳು. ಗೋಡೆಯ ಬುಡದಲ್ಲಿ ಅಮ್ಮನ ಮಣೆ ಖಾಲಿ ಇತ್ತು. ಆ ಮಣೆಯ ಮೇಲೆ ಯಾರೂ ಕೂರುತ್ತಿರಲಿಲ್ಲ.

“ನಾಳೆ ದೊಡ್ಡವರೆಲ್ಲ ಬರುದಂತೆ? ಅಕ್ಕನಿಗೆ ಒಳ್ಳೆ ಸೀರೆ ಉಡಿಸ್ತಾರಾ?”

“ಹೊದಿಕೆ ಬದಲಾಯಿಸ್ತಾರೆ.”

“ತಲೆಯಾದ್ರೂ ಬಾಚು. ಜನರ ಎದುರು ಕೆದರಿದ ತಲೆ ಅಂದ್ರೆ ಅವಳಿಗೆ ಆಗ್ಲಿಕ್ಕಿಲ್ಲ.” ಚಿಕ್ಕಮ್ಮನ ಕತ್ತರಿ ಕಚಕ್ ಎಂದಿತು. “ನೀನೆಂತ ಬರೀತಿದ್ದಿ?”

ಉಳಿದ ರಟ್ಟಿನ ತುಂಡಿನ ಮೇಲೆ ವಾರಿಜಾ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಳು: ದಯವಿಟ್ಟು ಚಪ್ಪಾಳೆ ತಟ್ಟಬೇಡಿ.

ಬೆಳಿಗ್ಗೆ ಅದನ್ನು ಕೋಣೆಯ ಬಾಗಿಲಿಗೆ ಅಂಟಿಸಿದಳು. ಅಂಟು ಒಣಗುವ ಮೊದಲೇ ಆಫೀಸಿನ ಉಮಾನಾಥ ಬಂದ. “ಇದ್ಯಾರು ಹಚ್ಚಿದ್ದು? ನೀನಾ? ಬರುವವರೆಲ್ಲ ಎಷ್ಟು ದೊಡ್ಡವರು ಗೊತ್ತುಂಟಾ? ಅವರಿಗೆ ನಾವು ಬಾಗಿಲಲ್ಲೇ ಬುದ್ಧಿ ಹೇಳುದಾ? ತೆಗಿ, ತೆಗಿ.”

‘ಡಾಕ್ಟರನ್ನು ಕೇಳಿ’ ಎನ್ನುವ ಎರಡು ಮಾತು ಸಾಕಿತ್ತು. ವಾರಿಜಾ ರಟ್ಟನ್ನು ಕಿತ್ತಳು. ಎಸೆಯಲು ಮನಸ್ಸಾಗದೆ, ಸ್ವರದ ಹಾಳೆಗಳ ಎಲ್ಲಕ್ಕಿಂತ ಕೆಳಗೆ, ಸ್ಟ್ಯಾಂಡಿನ ಮೇಲೆ ಇಟ್ಟಳು. ಆಮೇಲೆ ಅಮ್ಮನ ತಲೆ ಬಾಚಿದಳು.

*

ಹನ್ನೊಂದು ಗಂಟೆಗೆ ಒಂಬತ್ತು ಜನ ಒಳಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟಿದ್ದರು, ಫೋನು ಹೊರಗೆ ಕೊಟ್ಟಿದ್ದರು. ಮಾತಾಡಬಾರದು, ಕೆಮ್ಮು ಬಂದರೆ ಕೈಸನ್ನೆ ಮಾಡಿ ಹೊರಗೆ ಹೋಗಬೇಕು, ಕುರ್ಚಿ ಎಳೆಯಬಾರದು ಎಂದು ಡಾಕ್ಟರ್ ಬಲ್ಲಾಳ್ ವರಾಂಡದಲ್ಲೇ ಹೇಳಿ ಗಾಜಿನ ಆಚೆಗೆ ಹೋಗಿದ್ದರು. ಚಪ್ಪಾಳೆಯ ಮಾತನ್ನು ಯಾರೂ ಹೇಳಿರಲಿಲ್ಲ. ಮೂರು ಕಡೆ ಗೋಡೆ, ಒಂದು ಕಡೆ ಗಾಜು, ನಡುವೆ ಮಂಚದ ಮೇಲೆ ರೋಗಿ ಇರುವ ಕೋಣೆಯಲ್ಲಿ ಚಪ್ಪಾಳೆ ಬರಬಹುದೆಂದು ಯಾರಿಗೆ ಹೊಳೆಯಬೇಕು?

ಪರದೆಯೊಂದನ್ನು ಅಂದು ಅತಿಥಿಗಳಿಗೆ ಕಾಣಲೆಂದು ಒಳಗೇ ಇಟ್ಟಿದ್ದರು. ಅವರು ಒಮ್ಮೆ ಹಸಿರು ಗೆರೆ ನೋಡುತ್ತಿದ್ದರು, ಒಮ್ಮೆ ಹೊದಿಕೆಯ ಕೆಳಗೆ ಏರುವ ಎದೆ ನೋಡುತ್ತಿದ್ದರು. ಏಳನೇ ಪುಟದಲ್ಲಿ ಗ್ಲೆನಿಸ್ ಬಾಯಿ ತಂತಿ ಮೀಟಿದರು. ಗುಲಾಬಿಯ ಹೆಬ್ಬೆರಳು ತೋರುಬೆರಳಿಗೆ ಉಜ್ಜಿತು. ಮುಂದಿನ ಕುರ್ಚಿಯಲ್ಲಿದ್ದ ಹಿರಿಯರೊಬ್ಬರು, ಕಮಿಟಿಯ ಅಧ್ಯಕ್ಷರಂತೆ, ಅದನ್ನು ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ವಾರಿಜಾ ಹನ್ನೊಂದನೆಯ ಹಾಳೆ ಮಗುಚಿದಳು. ಸದ್ದಾಗಲಿಲ್ಲ.

ಹನ್ನೆರಡನೇ ಪುಟ ಚೆನ್ನಾಗಿತ್ತು. ಅವಳಿಗೆ ಸಂಗೀತ ಗೊತ್ತಿಲ್ಲ, ಆದರೂ ಅದು ಗೊತ್ತಾಯಿತು. ಎಂಟು ತಿಂಗಳಿಂದ ಮನೆ ಸೇರದೆ ಅಲೆಯುತ್ತಿದ್ದ ಮೂರು ದನಿಗಳು ಒಂದೊಂದಾಗಿ ಮೆಟ್ಟಿಲೇರಿ ಬಂದು, ಕಾಲು ತೊಳೆದು, ಒಂದೇ ಚಾಪೆಯ ಮೇಲೆ ಕೂತ ಹಾಗಿತ್ತು. ಡಾಲ್ಫಿಯ ಮುಖ ಸಡಿಲವಾಯಿತು. ಶೇರಿಗಾರರ ಕಣ್ಣು ಮುಚ್ಚಿತು. ಕೊನೆಯ ಸ್ವರ ತೆಳ್ಳಗಾಗುತ್ತ ಹೋಗಿ ಎಲ್ಲಿ ನಿಂತಿತು ಎಂದು ತಿಳಿಯದ ಹಾಗೆ ನಿಂತಿತು. ಹಸಿರು ಗೆರೆ ಅದರ ಕೈ ಹಿಡಿದುಕೊಂಡೇ ಇಳಿದು, ಮಲಗಿತು.

ವಾರಿಜಾ ಮೊದಲ ಪುಟವನ್ನು ಮೇಲೆ ತಂದಿಟ್ಟು ಮನಸ್ಸಿನಲ್ಲೇ ಎಣಿಸಿದಳು. ಒಂದು. ಎರಡು. ಮೂರು.

ಅಧ್ಯಕ್ಷರು ಚಪ್ಪಾಳೆ ತಟ್ಟಿದರು.

ಮನಸ್ಸು ತುಂಬಿ ತಟ್ಟಿದರು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಉಳಿದ ಎಂಟು ಜನ ಒಮ್ಮೆಗೇ ಕೂಡಿಕೊಂಡರು. ಸಣ್ಣ ಕೋಣೆ, ಹದಿನೆಂಟು ಅಂಗೈ. ಹೆಂಚಿನ ಮೇಲೆ ಜಲ್ಲಿಕಲ್ಲು ಸುರಿದ ಹಾಗೆ ಕೇಳಿತು.

ಆ ಸದ್ದಿಗೆ ಮೂವರೂ ಎದ್ದು ನಿಂತರು.

ಬೇಕೆಂದು ಎದ್ದದ್ದಲ್ಲ. ಗ್ಲೆನಿಸ್ ಬಾಯಿಯ ಕಮಾನು ತೊಡೆಯ ಪಕ್ಕಕ್ಕೆ ಇಳಿಯಿತು, ಡಾಲ್ಫಿ ಚೆಲ್ಲೊದ ಕುತ್ತಿಗೆ ಹಿಡಿದು ನೆಟ್ಟಗಾದ, ಶೇರಿಗಾರರು ಕ್ಲಾರಿನೆಟ್ಟನ್ನು ಎದೆಗೆ ಒತ್ತಿಕೊಂಡರು. ಮೂರು ತಲೆಗಳು ಒಟ್ಟಿಗೆ ಬಗ್ಗಿದವು. ಬಗ್ಗಿದಲ್ಲೇ ಗ್ಲೆನಿಸ್ ಬಾಯಿಯ ಕಣ್ಣಿಗೆ ಮೊದಲ ಪುಟ ಬಿತ್ತು. ಅವರ ಬಾಯಿಂದ ಹೊರಟ ಶಬ್ದ ಕೊಂಕಣಿಯೂ ಅಲ್ಲ, ಕನ್ನಡವೂ ಅಲ್ಲ. ನಿಂತಲ್ಲೇ ಪಿಟೀಲು ಗದ್ದಕ್ಕಿಟ್ಟು ಎಳೆದರು. ಮೆಲ್ಲಗೆ ಶುರುವಾಗಬೇಕಾದ ಸ್ವರ ಕೀರಲಾಗಿ ಕಿರುಚಿತು. ಡಾಲ್ಫಿ ಕುರ್ಚಿಗೆ ಬಿದ್ದ, ಅವನ ಕಮಾನು ನೆಲಕ್ಕೆ ಬಿತ್ತು. ಅದು ಹುರುಪು ಎಂದುಕೊಂಡು ಹಿಂದಿನ ಸಾಲಿನ ಇಬ್ಬರು ಇನ್ನಷ್ಟು ಜೋರಾಗಿ ತಟ್ಟಿದರು.

ಗಾಜಿನ ಆಚೆ ಡಾಕ್ಟರ್ ಬಲ್ಲಾಳರ ಬಾಯಿ ತೆರೆದು ಮುಚ್ಚುತ್ತಿತ್ತು. ಗಾಜಿನ ಮೂಲಕ ಮಾತು ಬರುವುದಿಲ್ಲ. ಅವರು ಓಡಿ ಸುತ್ತು ಬಳಸಿ ಬಾಗಿಲಿಗೆ ಬರುವ ಹೊತ್ತಿಗೆ ವಾರಿಜಾ ಇಪ್ಪತ್ತಾರು ಎಣಿಸಿದ್ದಳು.

ಮುಂದೆ ಆದದ್ದೆಲ್ಲ ಕ್ರಮವಾಗಿಯೇ ಆಯಿತು. ಅತಿಥಿಗಳನ್ನು ಹೊರಗೆ ಕಳಿಸಿದರು. ಡಾಕ್ಟರ್ ಕೈಯಿಂದ ಒತ್ತುವ ಗಾಳಿಚೀಲ ಹಿಡಿದರು, ನರ್ಸು ಎದೆ ಒತ್ತಿದಳು. ಮೂವರೂ ಮೊದಲ ಪುಟ ನುಡಿಸಿದರು, ಮತ್ತೆ ನುಡಿಸಿದರು. ಡಾಲ್ಫಿ ಒಂದು ಸ್ವರವೂ ತಪ್ಪಲಿಲ್ಲ. ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಅದು ಡಾಕ್ಟರರ ಕೈಯ ಗಾಳಿ. ಹಸಿರು ಗೆರೆಯ ಕೆಳಗೆ ಕೆಂಪು ಗೆರೆಯೊಂದಿತ್ತು, ಎದೆಬಡಿತದ್ದು. ಅದು ಎಡವಿತು, ಎದ್ದಿತು, ಎಡವಿತು. ಹನ್ನೆರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಡಾಕ್ಟರ್ ಚೀಲವನ್ನು ಮಂಚದ ಮೇಲಿಟ್ಟು, ಗಡಿಯಾರ ನೋಡಿ, ಮೆಲ್ಲಗೆ ಹೊತ್ತು ಹೇಳಿದರು. ನರ್ಸು ಬರೆದುಕೊಂಡಳು.

ಮೂವರು ನಿಲ್ಲಿಸಿದರು. ಈ ಸಲ ಯಾರೂ ಏಳಲಿಲ್ಲ.

ತಾವ್ರೊ ಮಾಸ್ಟ್ರು ಅತಿಥಿಗಳ ಖಾಲಿ ಕುರ್ಚಿಯೊಂದರಲ್ಲಿ ಕೂತಿದ್ದರು. “ಎಂಟು ಎಣಿಕೆ ಬರೆದಿದ್ದೆ,” ಎಂದರು ಒಮ್ಮೆ. “ಸ್ಪಷ್ಟ ಬರೆದಿದ್ದೆ.” ಯಾರಿಗೆ ಹೇಳಿದರೋ. ಶೇರಿಗಾರರು ಕ್ಲಾರಿನೆಟ್ಟನ್ನು ತುಂಡು ತುಂಡಾಗಿ ಬಿಚ್ಚಿ ಒರೆಸುತ್ತಿದ್ದರು, ಒರೆಸಿದ್ದನ್ನೇ ಒರೆಸುತ್ತಿದ್ದರು. ವರಾಂಡದಲ್ಲಿ ಅಧ್ಯಕ್ಷರು ಅಂಗೈಗಳನ್ನು ಮೇಲೆ ಮಾಡಿ ತೊಡೆಯ ಮೇಲಿಟ್ಟುಕೊಂಡು ಕೂತದ್ದು ಬಾಗಿಲಿನಿಂದ ಕಾಣುತ್ತಿತ್ತು. ಡಾಕ್ಟರ್ ಗೋಡೆಗೆ ಒರಗಿ, ಆರಿಸಿದ ಪರದೆಯನ್ನು ನೋಡುತ್ತಿದ್ದರು.

ಅಮ್ಮನ ತಲೆಗೂದಲು ಮತ್ತೆ ಕೆದರಿತ್ತು. ವಾರಿಜಾ ಅದನ್ನು ಕಿವಿಯ ಹಿಂದೆ ಸರಿಸಿದಳು. ಬಿಲ್ಲೆ ಇನ್ನೂ ಅಲ್ಲೇ ಇತ್ತು, ಯಾರೂ ತೆಗೆದಿರಲಿಲ್ಲ.

ಗದ್ದಲದಲ್ಲಿ ಸ್ಟ್ಯಾಂಡು ಮಗುಚಿ ಹಾಳೆಗಳು ನೆಲದ ತುಂಬ ಹರಡಿದ್ದವು. ಅವಳು ಕೂತು ಒಂದೊಂದನ್ನೇ ಹೆಕ್ಕಿದಳು. ಹನ್ನೊಂದು ಸಿಕ್ಕಿದವು. ಹನ್ನೆರಡನೆಯದು ಸಿಕ್ಕಿತು. ದಪ್ಪ ಅಕ್ಷರದ ರಟ್ಟೂ ಸಿಕ್ಕಿತು. ಎರಡನ್ನೂ ಒಟ್ಟಿಗೆ ಮಡಚಲು ನೋಡಿದಳು. ಅವಳೇ ಅಂಟಿಸಿದ ರಟ್ಟು, ಗಟ್ಟಿಯಾಗಿತ್ತು, ಮಡಚಲು ಬರಲಿಲ್ಲ. ಅವನ್ನು ಕವುಚಿ ಮಂಚದ ಕೆಳಗಿಟ್ಟಳು. ಸ್ಟ್ಯಾಂಡು ನೆಟ್ಟಗೆ ನಿಲ್ಲಿಸಿ, ಹನ್ನೊಂದನ್ನು ಕ್ರಮವಾಗಿ ಜೋಡಿಸಿ, ಮೊದಲನೆಯದನ್ನು ಮೇಲಿಟ್ಟಳು. ತನ್ನ ಸ್ಟೂಲಿನ ಮೇಲೆ ಕೂತು, ದಿನಾ ಮಾಡುವ ಹಾಗೆ, ಮಗುಚಲು ಹಾಳೆಯ ಮೂಲೆಗೆ ಬೆರಳಿಟ್ಟಳು. ಅಷ್ಟು ಜನರ ಎದುರು ಅವಳು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

“ಮೊದಲಿಂದ ಒಂದು ಸಲ ನುಡಿಸಿ,” ಎಂದಳು.